ತಂತಿಯ ಇಕ್ಕಟ್ಟು: ಗ್ರಿಡ್, ಮಾರುಕಟ್ಟೆ ಮತ್ತು ನಡುವಿನ ತೋಟ

ಮಾರ್ಚ್ ತಿಂಗಳಲ್ಲಿ ತ್ರೀ ಫೇಸ್ ಬಂದ ಹತ್ತೇ ನಿಮಿಷಕ್ಕೆ ದಕ್ಷಿಣ ಕನ್ನಡದ ನಮ್ಮ ಆಲಂಕಾರು ಸುತ್ತಿನ ಅಡಿಕೆ ತೋಟಗಳ ಪಂಪುಗಳೆಲ್ಲ ಒಟ್ಟಿಗೆ ಹೊರಡುತ್ತವೆ. ಕುಮಾರಧಾರೆಯ ದಡದವನದ್ದೂ ಗುಡ್ಡದ ಬೋರ್‌ವೆಲ್‌ನವನದ್ದೂ ಹೊತ್ತು ಒಂದೇ. ಎಲ್ಲರೂ ಒಟ್ಟಿಗೆ ಎಳೆದಾಗ ಲೈನಿನ ಕೊನೆಯಲ್ಲಿರುವವನ ವೋಲ್ಟೇಜ್ ಕುಸಿಯುತ್ತದೆ, ಮೋಟಾರು ತಿರುಗುವ ಬದಲು ಗುಂಯ್ ಎನ್ನುತ್ತದೆ. ಅದೇ ಗಳಿಗೆಯಲ್ಲಿ ಪಾವಗಡದ ಸೋಲಾರ್ ಪಾರ್ಕಿನಲ್ಲಿ ಬಿಸಿಲು ಕಾಯುತ್ತಿರಬಹುದು, ಪವರ್ ಎಕ್ಸ್‌ಚೇಂಜಿನಲ್ಲಿ ಕರೆಂಟು ಅಗ್ಗವಾಗಿ ಬಿಕರಿಯಾಗುತ್ತಿರಬಹುದು. ಕರೆಂಟು ಇದೆ, ಬೇಕಾದವನೂ ಇದ್ದಾನೆ, ಸಾಲದ್ದು ದಾರಿ.

ಇದನ್ನು ಸಾಗಣೆ ದಟ್ಟಣೆ ಎನ್ನುತ್ತಾರೆ. ಹಳ್ಳಿಯ ಫೀಡರಿನಿಂದ ಹಿಡಿದು ಎರಡು ರಾಜ್ಯಗಳ ನಡುವಿನ 400 ಕೆವಿ ಮಾರ್ಗದವರೆಗೆ ಇದರ ಗುಣ ಒಂದೇ, ಪರಿಹಾರಗಳು ಮಾತ್ರ ಬೇರೆ ಬೇರೆ. ಹೆಣೆದುಕೊಂಡ ವಿದ್ಯುತ್ ಮಾರುಕಟ್ಟೆಗಳನ್ನು ಹೇಗೆ ಹೊಂದಿಸಬೇಕು, ಇಕ್ಕಟ್ಟಾದ ತಂತಿಯನ್ನು ಯಾರಿಗೆ ಮೊದಲು ಬಿಡಬೇಕು, ಅದರ ಬೆಲೆ ಯಾರು ತೆರಬೇಕು ಎಂಬ ಪ್ರಶ್ನೆಗೆ ಜಗತ್ತಿನಲ್ಲಿ ಮೂವತ್ತು ನಲವತ್ತು ವರ್ಷಗಳ ವಾದವಿದೆ. ಆ ವಾದ ನಮ್ಮ ಜಿಲ್ಲೆಯ ಮೇಲೆಯೇ ಹಾದುಹೋಗುತ್ತಿರುವಾಗ ಅದನ್ನು ಪೂರ್ತಿ ತಿಳಿದುಕೊಳ್ಳುವುದು ನಮಗೆ ಅಗತ್ಯ.

ಒಂದೊಂದೇ ಗಂಟು ಹಾಕಿದ ಜಾಲ

ಕರ್ನಾಟಕದಲ್ಲಿ ಕತೆ ಶುರುವಾಗುವುದು 1902ರಲ್ಲಿ. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಒಯ್ದರು. ಒಂದು ತುದಿಯಲ್ಲಿ ಉತ್ಪಾದಕ, ಇನ್ನೊಂದು ತುದಿಯಲ್ಲಿ ಗಿರಾಕಿ, ನಡುವೆ ಒಂದು ತಂತಿ. ಬೆಂಗಳೂರಿಗೆ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ತಂತಿ ಯಾರಿಗಾಗಿ ಎಂಬುದು ಅಂದೇ ನಿರ್ಧಾರವಾಗಿತ್ತು; ದಾರಿಯ ಊರುಗಳು ಆ ಲೆಕ್ಕದಲ್ಲಿ ಇರಲಿಲ್ಲ.

1964ರಲ್ಲಿ ಪ್ರಾದೇಶಿಕ ವಿದ್ಯುತ್ ಮಂಡಳಿಗಳಾದವು. ದಕ್ಷಿಣದ ರಾಜ್ಯಗಳು ಪರಸ್ಪರ ಕೈಹಿಡಿದುಕೊಂಡವು. ನಮ್ಮ ಗಡಿಯಲ್ಲಿ ಕೊಣಾಜೆ–ಮಂಜೇಶ್ವರ 110 ಕೆವಿ ಮಾರ್ಗ, ಮೈಸೂರಿನ ಕಡೆಯಿಂದ ವಯನಾಡಿಗೆ ಕಡಕೊಳ–ಕಣಿಯಾಂಬೆಟ್ಟ 220 ಕೆವಿ ಮಾರ್ಗ ಆ ಕೈಹಿಡಿತದ ಕುರುಹುಗಳು. 1956ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯದೇ ತಾಲೂಕು. ರಾಜ್ಯದ ಗಡಿ ಬದಲಾದರೂ ಮಂಜೇಶ್ವರಕ್ಕೆ ಹತ್ತಿರದ ತಂತಿ ಮಂಗಳೂರಿನ ಮಗ್ಗುಲಿನದೇ. ವಿದ್ಯುತ್ತಿಗೆ ಭಾಷಾವಾರು ಗಡಿ ತಿಳಿಯದು.

ಆದರೆ ಕೈಹಿಡಿದವರು ಒಬ್ಬರನ್ನೊಬ್ಬರು ಎಳೆಯಲೂ ಬಲ್ಲರು. ಜಾಲ ಸುಸ್ಥಿತಿಯಲ್ಲಿರಲು ಅದರ ಮಿಡಿತ, ಎಂದರೆ ಫ್ರೀಕ್ವೆನ್ಸಿ, 50 ಹರ್ಟ್ಸ್ ಆಸುಪಾಸಿನಲ್ಲಿರಬೇಕು. 1990ರ ದಶಕದಲ್ಲಿ ಕೊರತೆಯ ರಾಜ್ಯಗಳು ನಿಗದಿಗಿಂತ ಹೆಚ್ಚು ಎಳೆದು ದಕ್ಷಿಣದ ಮಿಡಿತ 49ಕ್ಕಿಂತ ಕೆಳಗೆ ನರಳುವುದು ಸಾಮಾನ್ಯವಾಗಿತ್ತು. ಆಗ ಬಂದ ಉಪಾಯ ಭಾರತದ್ದೇ, ಅದರ ಹಿಂದೆ ಭಾನು ಭೂಷಣ್ ಅವರ ತಲೆಯಿತ್ತು. ನಿಗದಿ ಮೀರಿ ಎಳೆದ ಪ್ರತಿ ಯೂನಿಟ್ಟಿಗೆ ಬೆಲೆ. ಫ್ರೀಕ್ವೆನ್ಸಿ ಇಳಿದಷ್ಟೂ ಆ ಬೆಲೆ ಏರುತ್ತದೆ. ದಕ್ಷಿಣದಲ್ಲಿ ಇದು 2003ರ ಜನವರಿಯಿಂದ ಜಾರಿಯಾಯಿತು. ಬೈಗುಳ, ಪತ್ರ, ಸಭೆಗಳಿಂದ ಆಗದ್ದು ಒಂದು ಬೆಲೆಪಟ್ಟಿಯಿಂದ ಆಯಿತು, ಮಿಡಿತ ಹದಕ್ಕೆ ಬಂತು. ಸ್ವತಂತ್ರ ಘಟಕಗಳನ್ನು ಹೊಂದಿಸಲು ಅಪ್ಪಣೆಗಿಂತ ಬೆಲೆ ಕೆಲಸಮಾಡಬಹುದು ಎಂಬುದಕ್ಕೆ ನನಗೆ ತಿಳಿದ ಅತ್ಯುತ್ತಮ ದೇಶೀ ಸಾಕ್ಷಿ ಇದು.

ಪೂರ್ವದ ಕಲ್ಲಿದ್ದಲಿನ ವಿದ್ಯುತ್ತು ದಕ್ಷಿಣಕ್ಕೆ ಬರಲು ಅದೇ ವರ್ಷ ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ 2000 ಮೆಗಾವಾಟಿನ ಏಕಮುಖ ವಿದ್ಯುತ್ (ಡಿಸಿ) ಮಾರ್ಗ ಬಂತು. ಇದು ಎರಡು ಜಾಲಗಳ ನಡುವಿನ ಬಾಗಿಲಿನಂತೆ: ಎಷ್ಟು ಬಿಡಬೇಕೆಂದು ನಾವೇ ನಿರ್ಧರಿಸಬಹುದು, ಒಂದರ ಮಿಡಿತ ಇನ್ನೊಂದಕ್ಕೆ ತಾಗದು. 2012ರ ಜುಲೈ 30ರಂದು ಉತ್ತರ ಭಾರತ, 31ರಂದು ಉತ್ತರದ ಜೊತೆಗೆ ಪೂರ್ವ, ಈಶಾನ್ಯ ಭಾರತವೂ ಕತ್ತಲಲ್ಲಿ ಮುಳುಗಿದಾಗ ದಕ್ಷಿಣ ಉಳಿದದ್ದು ಇಂಥ ಬಾಗಿಲುಗಳಿಂದ. ಆದರೆ ಬಾಗಿಲು ಎಂದರೆ ಇಕ್ಕಟ್ಟೂ ಹೌದು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆವಿ ಮಾರ್ಗ ಚಾಲೂ ಆಗಿ ದೇಶವೆಲ್ಲ ಒಂದೇ ಮಿಡಿತಕ್ಕೆ ಬಂತು.

ಒಂದೇ ಸಂತೆ, ಹಲವು ಬೆಲೆ

2003ರ ವಿದ್ಯುತ್ ಕಾಯ್ದೆ ತಂತಿಯನ್ನೂ ಸರಕನ್ನೂ ಬೇರ್ಪಡಿಸಿತು. 2008ರ ಜೂನಿನಲ್ಲಿ ಇಂಡಿಯನ್ ಎನರ್ಜಿ ಎಕ್ಸ್‌ಚೇಂಜ್ ವ್ಯವಹಾರ ಆರಂಭಿಸಿತು. ನಾಳೆಯ ದಿನವನ್ನು 15 ನಿಮಿಷಗಳ 96 ತುಂಡುಗಳಾಗಿಸಿ ಪ್ರತಿ ತುಂಡಿಗೂ ಹರಾಜು ನಡೆಯುತ್ತದೆ. ಮೊದಲು ತಂತಿಗೆ ಮಿತಿಯೇ ಇಲ್ಲವೆಂದುಕೊಂಡು ದೇಶಕ್ಕೆಲ್ಲ ಒಂದು ಬೆಲೆ ಕಟ್ಟುತ್ತಾರೆ. ಆಮೇಲೆ ತಂತಿ ತಾಳುತ್ತದೆಯೇ ನೋಡುತ್ತಾರೆ. ತಾಳದಿದ್ದರೆ ಸಂತೆಯನ್ನು ಒಡೆಯುತ್ತಾರೆ: ಇಕ್ಕಟ್ಟಿನ ಆಚೆ ಒಂದು ಬೆಲೆ, ಈಚೆ ಇನ್ನೊಂದು. ಇದಕ್ಕಾಗಿ ದೇಶವನ್ನು 13 ಬಿಡ್ ಪ್ರದೇಶಗಳಾಗಿ ಹಂಚಿದ್ದಾರೆ. ಕರ್ನಾಟಕ ಒಂದರಲ್ಲಿದ್ದರೆ ಕೇರಳ ಇನ್ನೊಂದರಲ್ಲಿ. ಮಂಜೇಶ್ವರದ ಗಡಿಗೇಟು ಹೀಗೆ ವಿದ್ಯುತ್ತಿನ ಲೆಕ್ಕದಲ್ಲೂ ಗಡಿಗೇಟು.

2012ರಿಂದ 2015ರ ನಡುವೆ ಈ ಒಡೆತ ದಕ್ಷಿಣವನ್ನು ಚೆನ್ನಾಗಿ ಕಾಡಿತು. ಉತ್ತರದಲ್ಲಿ ಕೊಳ್ಳುವವರಿಲ್ಲದೆ ಬೆಲೆ ತಗ್ಗಿದ್ದಾಗ ನಮ್ಮ ಕಡೆ ಅದೇ ಯೂನಿಟ್ಟಿಗೆ ಬಹಳ ಹೆಚ್ಚು ಕೊಡಬೇಕಾಗುತ್ತಿತ್ತು. ಎರಡು ಬೆಲೆಗಳ ನಡುವಿನ ಆ ಅಂತರ ಉತ್ಪಾದಕನಿಗೂ ಹೋಗದು, ಕೊಂಡವನಿಗೂ ಬಾರದು. ಪವರ್ ಸಿಸ್ಟಮ್ ಡೆವಲಪ್‌ಮೆಂಟ್ ಫಂಡ್ ಎಂಬ ನಿಧಿಗೆ ಸೇರುತ್ತದೆ. ಈ ಹಣದ ಮಾತಿಗೆ ಮತ್ತೆ ಬರುತ್ತೇನೆ.

ಹೇಳಿದ ದಾರಿಯಲ್ಲಿ ಹೋಗದ ಸರಕು

ನಮ್ಮ ಕಡೆ ತೋಡಿಗೆ ಕಟ್ಟ ಕಟ್ಟುವ ಪದ್ಧತಿ ಇದೆ. ಕಟ್ಟದ ನೀರನ್ನು ಅಗಳಿನಲ್ಲಿ ತಿರುಗಿಸಿದರೆ ತಿರುಗಿದ ಕಡೆಗೇ ಹೋಗುತ್ತದೆ. ಪಾಳಿಯಂತೆ ಒಬ್ಬರ ಕಂಡಿ ಮುಚ್ಚಿ ಇನ್ನೊಬ್ಬರದು ತೆರೆಯಬಹುದು. ವಿದ್ಯುತ್ತಿಗೆ ಹಾಗೆ ಕಂಡಿ ಮುಚ್ಚಲಾಗದು. ತೆರೆದಿರುವ ಎಲ್ಲ ದಾರಿಗಳಲ್ಲೂ ಅದು ಏಕಕಾಲಕ್ಕೆ ಹಂಚಿಕೊಂಡು ಹರಿಯುತ್ತದೆ, ತಡೆ ಕಡಿಮೆಯಿದ್ದಲ್ಲಿ ಹೆಚ್ಚು.

ಒಂದು ಲೆಕ್ಕ ಮಾಡೋಣ. ಹಾಸನ, ಉಡುಪಿ, ಕಾಸರಗೋಡು ಎಂಬ ಮೂರು ಬಿಂದುಗಳ ನಡುವೆ ಸರಿಸಮಾನವಾದ ಮೂರು ತಂತಿಗಳಿವೆ ಎಂದು ಊಹಿಸಿಕೊಳ್ಳಿ. ಇದು ಕಾಗದದ ಮೇಲಿನ ತ್ರಿಕೋನ, ನೆಲದ ನಕ್ಷೆಯಲ್ಲ. ಹಾಸನದಿಂದ ಕಾಸರಗೋಡಿಗೆ 90 ಮೆಗಾವಾಟ್ ಕಳುಹಿಸಿದರೆ ನೇರ ತಂತಿಯಲ್ಲಿ ಹೋಗುವುದು 60. ಉಳಿದ 30 ಯಾರನ್ನೂ ಕೇಳದೆ ಉಡುಪಿಯ ಮೇಲೆ ಸುತ್ತಿ ಬರುತ್ತದೆ. ಹಾಸನದ ಕರೆಂಟು ಯೂನಿಟ್ಟಿಗೆ 3 ರೂಪಾಯಿ, ಉಡುಪಿಯದು 6 ಎಂದಿಟ್ಟುಕೊಳ್ಳೋಣ. ಹಾಸನ–ಕಾಸರಗೋಡು ನೇರ ತಂತಿಯ ಮಿತಿ 50 ಮೆಗಾವಾಟ್. ಆಗ 90ನ್ನೂ ಹಾಸನದಿಂದ ತರಲಾಗದು. ಹಾಸನದಿಂದ 60, ಉಡುಪಿಯಿಂದ 30 ತಂದರೆ ಮಾತ್ರ ನೇರ ತಂತಿಯಲ್ಲಿ ಸರಿಯಾಗಿ 50 ಹರಿಯುತ್ತದೆ.

ಕಾಸರಗೋಡಿಗೆ ಇನ್ನೂ ಒಂದೇ ಒಂದು ಯೂನಿಟ್ ಬೇಕೆಂದರೆ? ತಂತಿ ತುಂಬಿದೆ. ಹಾಸನದಲ್ಲಿ ಒಂದು ಯೂನಿಟ್ ತಗ್ಗಿಸಿ ಉಡುಪಿಯಲ್ಲಿ ಎರಡು ಹೆಚ್ಚಿಸಬೇಕು. ಎರಡಕ್ಕೆ 12 ರೂಪಾಯಿ, ಉಳಿದದ್ದು 3. ಆ ಯೂನಿಟ್ಟಿನ ನಿಜ ಬೆಲೆ 9 ರೂಪಾಯಿ. ಮೂರಕ್ಕೂ ಆರಕ್ಕೂ ಕರೆಂಟು ಸಿಗುವ ಜಾಲದಲ್ಲಿ ಕಾಸರಗೋಡಿನ ಬೆಲೆ ಒಂಬತ್ತು! ಯಾರೂ ಮೋಸಮಾಡಿದ್ದಲ್ಲ, ತಂತಿಯ ಇಕ್ಕಟ್ಟು ಬೆಲೆಯಾಗಿ ಕಾಣುವುದು ಹೀಗೆ. ಪ್ರತಿ ಗಂಟೆಗೆ ಕಾಸರಗೋಡು ಕೊಡುವುದು 8 ಲಕ್ಷ 10 ಸಾವಿರ, ಉತ್ಪಾದಕರಿಗೆ ಸೇರುವುದು 3 ಲಕ್ಷ 60 ಸಾವಿರ. ನಡುವಿನ ನಾಲ್ಕೂವರೆ ಲಕ್ಷ ತಂತಿಯ ಮೇಲೆಯೇ ನಿಂತಿದೆ.

ಪ್ರತಿ ಬಿಂದುವಿಗೂ ಬೆಲೆ ಎನ್ನುವವರು

ಈ ಲೆಕ್ಕವನ್ನು ಶಾಸ್ತ್ರವಾಗಿ ಬೆಳೆಸಿದವರು ಅಮೆರಿಕದ ಎಂಐಟಿಯ ಫ್ರೆಡ್ ಶ್ವೆಪ್ಪೆ ಮತ್ತು ಸಂಗಡಿಗರು, 1988ರ ಪುಸ್ತಕದಲ್ಲಿ. ಹಾರ್ವರ್ಡಿನ ವಿಲಿಯಂ ಹೋಗನ್ 1990ರ ದಶಕದಲ್ಲಿ ಅದಕ್ಕೆ ಮಾರುಕಟ್ಟೆಯ ರೂಪ ಕೊಟ್ಟರು. ಪ್ರತಿ ಸಬ್‌ಸ್ಟೇಷನ್ನಿಗೂ ಅದರದೇ ಬೆಲೆ ಇರಲಿ. ಬೆಲೆಯ ಏರಿಳಿತಕ್ಕೆ ಹೆದರುವವರು ತಂತಿಯ ಮೇಲಿನ ಆ ನಾಲ್ಕೂವರೆ ಲಕ್ಷದಲ್ಲಿ ಪಾಲು ಕೊಡುವ ಹಕ್ಕುಪತ್ರ ಕೊಳ್ಳಲಿ ಎಂಬುದು ಅವರ ವಾದ. ಅಮೆರಿಕದ ಪಿಜೆಎಂ ಎಂಬ ಗ್ರಿಡ್ ಸಂಸ್ಥೆ 1998ರಲ್ಲಿ ಇದನ್ನು ಒಪ್ಪಿಕೊಂಡಿತು. ಮೊದಲು ವಲಯಕ್ಕೊಂದೇ ಬೆಲೆ ಎಂಬ ಕ್ರಮವನ್ನು ನೆಚ್ಚಿದ್ದ ಕ್ಯಾಲಿಫೋರ್ನಿಯ 2009ರಲ್ಲಿ, ಟೆಕ್ಸಸ್ 2010ರಲ್ಲಿ ಇದೇ ದಾರಿಗೆ ಬಂದವು.

ಎಲ್ಲಿ ಕೊರತೆ, ಎಲ್ಲಿ ಹೊಸ ಘಟಕ ಬೇಕು, ಯಾವ ತಂತಿ ನಿಜವಾಗಿ ಮುಖ್ಯ ಎಂಬುದನ್ನು ಈ ಪಂಥದಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ಹೇಳದು. ಆದರೆ ಇದು ಒಪ್ಪುವುದು ಬೆಲೆ ಗಿರಾಕಿಯನ್ನು ತಲುಪುವ ಕಡೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪುಗಳಿಗೆ ಕರೆಂಟು ಉಚಿತ, 2023ರಿಂದ ಮನೆಗಳಿಗೆ ಉಚಿತ ಕರೆಂಟಿನ ಗೃಹಜ್ಯೋತಿ. ಆಲಂಕಾರಿನ ಪಂಪಿಗೆ ಬೆಲೆಯ ಭಾಷೆಯೇ ಕೇಳಿಸದು; ಅದಕ್ಕೆ ಕೇಳುವುದು ಹೊತ್ತಿನ ಭಾಷೆ, ತ್ರೀ ಫೇಸ್ ಇಂತಿಷ್ಟು ಗಂಟೆ ಎಂಬುದು. ಹಳ್ಳಿಯ ದಟ್ಟಣೆಯನ್ನು ನಾವು ಗಂಟೆಯಲ್ಲಿ ಹಂಚುತ್ತಿದ್ದೇವೆ, ರೂಪಾಯಿಯಲ್ಲಿ ಅಲ್ಲ. ಹಾಗಾಗಿ ಲೈನಿನ ತುದಿಯವನು ತೆರುವ ಬೆಲೆ ಯಾವ ಲೆಕ್ಕಪುಸ್ತಕದಲ್ಲೂ ಕಾಣದು. ಅದು ಸುಟ್ಟ ಮೋಟಾರಿನಲ್ಲಿ, ಒಣಗಿದ ಹಿಂಗಾರದಲ್ಲಿ ಇರುತ್ತದೆ.

ವಲಯಗಳೇ ಸಾಕು ಎನ್ನುವವರು

ಯುರೋಪಿನ ದಾರಿ ಬೇರೆ. ನಾರ್ವೆ ಮತ್ತು ಸ್ವೀಡನ್ 1996ರಲ್ಲಿ ಎರಡು ದೇಶಗಳ ಒಂದೇ ಮಾರುಕಟ್ಟೆ ಮಾಡಿಕೊಂಡವು, ಆಮೇಲೆ ಒಂದೊಂದೇ ದೇಶ ಕೂಡಿಕೊಂಡಿತು. ದೇಶ ಅಥವಾ ಅದರ ಭಾಗ ಒಂದು ವಲಯ, ವಲಯದೊಳಗೆ ಒಂದೇ ಬೆಲೆ; ವಲಯಗಳ ನಡುವಿನ ತಂತಿಯನ್ನು ಹರಾಜಿನ ಲೆಕ್ಕವೇ ಹಂಚುತ್ತದೆ. ಮಾರುಕಟ್ಟೆಗಳ ಜೋಡಣೆ ಎಂದು ಅಲ್ಲಿ ಕರೆಯುವುದು ಇದನ್ನೇ. ನಮ್ಮ ಬಿಡ್ ಪ್ರದೇಶಗಳೂ ಇದೇ ಕುಲದವು.

ಸರಳತೆ ಇದರ ದೊಡ್ಡ ಗುಣ, ಒಂದು ನಾಡಿನವರೆಲ್ಲ ಒಂದೇ ಬೆಲೆ ಕೊಡುತ್ತಾರೆಂಬ ಸಮಾಧಾನವೂ ಇದೆ. ತೊಡಕಿರುವುದು ವಲಯದ ಗೆರೆಯಲ್ಲಿ. ಸ್ವೀಡನ್ ತನ್ನೊಳಗಿನ ಇಕ್ಕಟ್ಟನ್ನು ಗಡಿಗೆ ತಳ್ಳಿ ಹೊರದೇಶಕ್ಕೆ ಹೋಗುವ ರಫ್ತು ತಡೆಯುತ್ತಿದೆ ಎಂಬ ದೂರು ಯುರೋಪಿನ ಆಯೋಗದವರೆಗೆ ಹೋಗಿ, 2011ರಲ್ಲಿ ದೇಶವನ್ನೇ ನಾಲ್ಕು ವಲಯ ಮಾಡಬೇಕಾಯಿತು. ಜರ್ಮನಿಯಲ್ಲಿ ಗಾಳಿ ಇರುವುದು ಉತ್ತರದಲ್ಲಿ, ಕಾರ್ಖಾನೆಗಳು ದಕ್ಷಿಣದಲ್ಲಿ, ಬೆಲೆ ಮಾತ್ರ ಒಂದೇ. ಸಂತೆ ಮುಗಿದ ಮೇಲೆ ಉತ್ತರದ ಗಾಳಿಯಂತ್ರ ನಿಲ್ಲಿಸಿ ದಕ್ಷಿಣದ ಘಟಕ ಹೊತ್ತಿಸಲು ವರ್ಷಕ್ಕೆ ನೂರಾರು ಕೋಟಿ ಯೂರೋ ಸುರಿಯುತ್ತಾರೆ. ಅದನ್ನು ಎಲ್ಲರ ಬಿಲ್ಲಿಗೂ ಹಂಚುತ್ತಾರೆ. ಬ್ರಿಟನ್ ವರ್ಷಗಟ್ಟಲೆ ಚರ್ಚಿಸಿ 2025ರ ಜುಲೈಯಲ್ಲಿ ವಲಯ ಬೆಲೆಯ ಪ್ರಸ್ತಾವವನ್ನು ಕೈಬಿಟ್ಟಿತು. ಊರಿಗೊಂದು ಬೆಲೆ ಎಂದರೆ ಜನ ಎಲ್ಲೆಡೆಯೂ ಸಿಟ್ಟಾಗುತ್ತಾರೆ. ಅದನ್ನು ಅಜ್ಞಾನ ಎನ್ನಲಾರೆ: ತಂತಿ ಎಲ್ಲಿ ಎಳೆಯಬೇಕೆಂದು ಆ ಊರಿನವರು ತೀರ್ಮಾನಿಸಿದವರಲ್ಲವಲ್ಲ.

ತಂತಿ ಎಳೆದುಬಿಡಿ ಎನ್ನುವವರು

ಎಂಜಿನಿಯರರ ಪಂಥ ಇದು, ಭಾರತದಲ್ಲಿ ಗೆದ್ದಿರುವುದೂ ಇದೇ. ಇಕ್ಕಟ್ಟಿಗೆ ಬೆಲೆ ಕಟ್ಟುತ್ತ ಕೂರುವ ಬದಲು ಇಕ್ಕಟ್ಟನ್ನೇ ತೆಗೆಯಿರಿ ಎನ್ನುತ್ತದೆ. 2030ಕ್ಕೆ 500 ಗಿಗಾವಾಟ್ ಪಳೆಯುಳಿಕೆಯಲ್ಲದ ವಿದ್ಯುತ್ತಿಗಾಗಿ ಕೇಂದ್ರ 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಸಾಗಣೆ ಯೋಜನೆಯ ಅಂದಾಜು 2.44 ಲಕ್ಷ ಕೋಟಿ ರೂಪಾಯಿ. ದಕ್ಷಿಣದ ಬೆಲೆ ಉತ್ತರಕ್ಕೆ ಸಮೀಪಿಸಿದ್ದು ಸೂತ್ರಗಳಿಂದಲ್ಲ, ತಂತಿಗಳಿಂದ. ಅದನ್ನು ಮನ್ನಿಸಲೇಬೇಕು.

ಆದರೆ ತಂತಿ ಹಾದುಹೋಗುವುದು ನೆಲದ ಮೇಲೆ. ಮೈಸೂರು–ಕೋಝಿಕ್ಕೋಡ್ 400 ಕೆವಿ ಮಾರ್ಗ ಕೊಡಗಿನ ಮರಗಳ ನಡುವೆ ವರ್ಷಗಟ್ಟಲೆ ಸಿಕ್ಕಿಕೊಂಡಿತ್ತು. ಈಗ ಉಡುಪಿ–ಕಾಸರಗೋಡು 400 ಕೆವಿ ಮಾರ್ಗದ ಸರದಿ. ನಂದಿಕೂರಿನ 1200 ಮೆಗಾವಾಟ್ ಉಷ್ಣ ಸ್ಥಾವರದ ಕಡೆಯಿಂದ ಹೊರಟು ಕಾಸರಗೋಡಿನ ಕರಿಂದಳಂ ಸೇರಬೇಕಾದ, ನೂರಕ್ಕೂ ಹೆಚ್ಚು ಕಿಲೋಮೀಟರಿನ ಈ ಮಾರ್ಗ 2019ರಲ್ಲಿ ಸ್ಪರ್ಧಾತ್ಮಕ ಬಿಡ್‌ನಲ್ಲಿ ಸ್ಟರ್ಲೈಟ್ ಸಂಸ್ಥೆಗೆ ಸಿಕ್ಕಿತು. ಬಳಕೆಯ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರುವ ಕೇರಳಕ್ಕೆ, ಅದರಲ್ಲೂ ತಂತಿಯ ತುದಿಯಲ್ಲಿರುವ ಉತ್ತರ ಕೇರಳಕ್ಕೆ ಇದರ ಅಗತ್ಯ ನಿಜ. ಮೂಡುಬಿದಿರೆ, ಬಂಟ್ವಾಳ, ವಿಟ್ಲದ ತೋಟದವರ ವಿರೋಧವೂ ಅಷ್ಟೇ ನಿಜ. ಮಾರ್ಗ ನಮ್ಮ ಆಲಂಕಾರಿಗಿಂತ ಪಶ್ಚಿಮಕ್ಕೆ ಹಾದುಹೋಗುತ್ತದೆ, ಆದರೆ ತೋಟ ಎಂಬುದು ಇಲ್ಲಿಯೂ ಅಲ್ಲಿಯೂ ಒಂದೇ ಬಗೆಯದು: ಹಿಡುವಳಿ ಸಣ್ಣದು, ಮರ ಎತ್ತರದ್ದು. 400 ಕೆವಿ ಮಾರ್ಗದ ಕಾರಿಡಾರ್ ಅಗಲ 46 ಮೀಟರ್. ಭತ್ತದ ಗದ್ದೆಯ ಮೇಲೆ ತಂತಿ ಹೋದರೆ ಬೇಸಾಯ ನಡೆಯುತ್ತದೆ. ಅಡಿಕೆ, ತೆಂಗು, ರಬ್ಬರ್ ತೋಟದಲ್ಲಿ ಆ ಪಟ್ಟಿ ಬೋಳಾಗಲೇಬೇಕು.

ಕಾನೂನು 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರವನ್ನು ಆಧರಿಸಿದೆ: ಭೂಮಿ ಸ್ವಾಧೀನವಿಲ್ಲ, ಒಡೆತನ ರೈತನದೇ, ಹಾನಿಗೆ ಪರಿಹಾರ ಮಾತ್ರ. ಕೇಂದ್ರದ 2015ರ ಮಾರ್ಗಸೂಚಿ ಗೋಪುರದ ಬುಡಕ್ಕೆ ಭೂಮೌಲ್ಯದ ಶೇ 85, ಕಾರಿಡಾರಿಗೆ ಗರಿಷ್ಠ ಶೇ 15 ಎಂದಿತು. 2024ರ ಜೂನಿನಲ್ಲಿ ಅದನ್ನು ಶೇ 200 ಮತ್ತು ಶೇ 30ಕ್ಕೆ ಏರಿಸಿದರು. ಏರಿಕೆ ಸಣ್ಣದಲ್ಲ. ಆದರೂ ಇದು ಒಂದೇ ಸಲದ ಪಾವತಿ. ಫಲ ಕೊಡುವ ತೋಟವಾದರೋ ಮುಂದಿನ ತಲೆಮಾರಿನದು.

ಊರಲ್ಲೇ ಹುಟ್ಟಲಿ ಎನ್ನುವವರು

ದೂರದಿಂದ ತರುವುದೇಕೆ, ಬಳಸುವಲ್ಲೇ ಹುಟ್ಟಿಸಿ ಎನ್ನುವವರು ನಾಲ್ಕನೆಯವರು. ಪಿಎಂ ಕುಸುಮ್ ಯೋಜನೆಯಲ್ಲಿ ಫೀಡರಿನ ಪಕ್ಕದಲ್ಲೇ ಸೋಲಾರ್ ಹಾಕಿ ಪಂಪುಗಳಿಗೆ ಹಗಲು ಕರೆಂಟು ಕೊಡುವ ಕ್ರಮ ಈ ಮಾತಿನದೇ ಫಲ. ನನ್ನ ಒಲವು ಇತ್ತ ಇದೆ, ಮುಚ್ಚಿಡಲಾರೆ. ಅಡಿಕೆಗೆ ನೀರು ಬೇಕಾಗುವ ಫೆಬ್ರುವರಿಯಿಂದ ಮೇ ತಿಂಗಳೇ ಬಿಸಿಲಿನ ತಿಂಗಳು. ಲೈನಿನ ತುದಿಯಲ್ಲೇ ವಿದ್ಯುತ್ತು ಹುಟ್ಟಿದರೆ ಅಲ್ಲಿನ ವೋಲ್ಟೇಜೂ ಏರುತ್ತದೆ. ಆದರೆ ಮಳೆಗಾಲದ ನಾಲ್ಕು ತಿಂಗಳು, ಸಂಜೆಯ ದೀಪದ ಹೊತ್ತು, ಮಂಗಳೂರಿನ ಕೈಗಾರಿಕೆ ಇವಕ್ಕೆಲ್ಲ ಇದು ಉತ್ತರವಾಗದು. 2023ರ ಬರದಲ್ಲಿ ನಮ್ಮ ಜಲವಿದ್ಯುತ್ತು ಕೈಕೊಟ್ಟಾಗ ಕರ್ನಾಟಕಕ್ಕೆ ಆಸರೆಯಾದದ್ದು ಉತ್ತರ ಪ್ರದೇಶ ಮತ್ತು ಪಂಜಾಬಿನೊಂದಿಗೆ ಮಾಡಿಕೊಂಡ ವಿನಿಮಯ: ಈಗ ಕೊಡಿ, ನಿಮಗೆ ಬೇಕಾದಾಗ ಹಿಂತಿರುಗಿಸುತ್ತೇವೆ ಎಂಬ ಕರಾರು. ಅಷ್ಟು ದೂರದ ಕರಾರು ದೊಡ್ಡ ತಂತಿಯಿಲ್ಲದೆ ಸಾಧ್ಯವಿರಲಿಲ್ಲ.

ಹೊಂದಿಸುವವರು ಯಾರು

ಅದೇ 2023ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಮು ಬಳಸಿ ಇಲ್ಲಿನ ಖಾಸಗಿ ಉತ್ಪಾದಕರು ಹೊರಗೆ ಮಾರದಂತೆ ತಡೆಯಿತು. ಒಂದು ಕೈ ಉತ್ತರಕ್ಕೆ ಚಾಚಿ, ಇನ್ನೊಂದು ಕೈಯಿಂದ ಬಾಗಿಲು ಹಾಕಿದಂತೆ. ವಿದ್ಯುತ್ತು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ಕತ್ತಲಾದರೆ ಜನ ಕೇಳುವುದು ರಾಜ್ಯವನ್ನೇ. ಆದ್ದರಿಂದ ಆ ನಡೆ ಅರ್ಥವಾಗುತ್ತದೆ. ಆದರೆ ಎಲ್ಲ ರಾಜ್ಯಗಳೂ ಹಾಗೆ ಮಾಡಿದರೆ ಸಂತೆಯೇ ಉಳಿಯದು.

ಕೇಂದ್ರದ ಕಡೆಯ ಯತ್ನಗಳು ಹಲವು. ದೇಶದ ಅಗ್ಗದ ಘಟಕ ಮೊದಲು ಓಡಲಿ ಎಂಬ ಏರ್ಪಾಡು 2019ರಿಂದ ಕೇಂದ್ರದ ಉಷ್ಣ ಸ್ಥಾವರಗಳಲ್ಲಿ ನಡೆದಿದೆ. ಎಲ್ಲವನ್ನೂ ಒಂದೇ ಹರಾಜಿಗೆ ತರುವ 2021ರ ಪ್ರಸ್ತಾವಕ್ಕೆ ರಾಜ್ಯಗಳು ಒಲಿಯಲಿಲ್ಲ. ಅಗ್ಗದ ಒಪ್ಪಂದ ಕೈಯಲ್ಲಿರುವ ರಾಜ್ಯ ಅದನ್ನು ಸಾಮಾನ್ಯ ಕಣಜಕ್ಕೆ ಏಕೆ ಸುರಿಯಬೇಕು? 2023ರ ಅಕ್ಟೋಬರಿನಿಂದ ರಾಜ್ಯಗಳಿಗೆ ಜಾಲದ ಮೇಲೆ ಒಟ್ಟಾರೆ ಎಳೆಯುವ ಹಕ್ಕು ಸಿಕ್ಕಿದೆ, ಮೊದಲಿನಂತೆ ಇಂಥಲ್ಲಿಂದ ಇಂಥಲ್ಲಿಗೆ ಎಂದು ಹೇಳಬೇಕಿಲ್ಲ. 2025ರ ಜುಲೈಯಲ್ಲಿ ಕೇಂದ್ರ ನಿಯಂತ್ರಣ ಆಯೋಗ ಮೂರು ಪವರ್ ಎಕ್ಸ್‌ಚೇಂಜುಗಳ ನಾಳೆಯ ಮಾರುಕಟ್ಟೆಯನ್ನು ಒಂದಾಗಿ ಜೋಡಿಸಲು ನಿರ್ಧರಿಸಿತು. ಅತಿ ದೊಡ್ಡ ಎಕ್ಸ್‌ಚೇಂಜ್ ಅದನ್ನು ಮೇಲ್ಮನವಿ ನ್ಯಾಯಮಂಡಳಿಯಲ್ಲಿ ಪ್ರಶ್ನಿಸಿತು.

ಇನ್ನೂ ಬಗೆಹರಿಯದ್ದು

ರಾಜಸ್ಥಾನದಲ್ಲಿ 2025ರಲ್ಲಿ ಸಾವಿರಾರು ಮೆಗಾವಾಟ್ ಸೌರ ವಿದ್ಯುತ್ತು ತಂತಿಯಿಲ್ಲದೆ ತಡೆದು ನಿಂತಿತು. ಘಟಕ ಕಟ್ಟಲು ವರ್ಷ ಒಂದೂವರೆ ಸಾಕು, ತಂತಿಗೆ ನಾಲ್ಕೈದು ಬೇಕು. ಈ ಓಟದಲ್ಲಿ ಯಾರನ್ನು ಯಾರಿಗೆ ಕಾಯಿಸಬೇಕು, ಕಾದವನ ನಷ್ಟ ಯಾರದು ಎಂಬುದಕ್ಕೆ ಒಪ್ಪಿತ ನಿಯಮವಿಲ್ಲ. ಕರ್ನಾಟಕವನ್ನೆಲ್ಲ ಒಂದೇ ಬಿಡ್ ಪ್ರದೇಶದಲ್ಲಿ ಇಡುವುದು ಸರಿಯೇ ಎಂಬುದೂ ತೀರ್ಮಾನವಾಗಿಲ್ಲ. ಪಾವಗಡದ ಹಗಲಿಗೂ ಕರಾವಳಿಯ ಸಂಜೆಗೂ ನಡುವೆ ಪಶ್ಚಿಮ ಘಟ್ಟವಿದೆ, ಅದನ್ನು ದಾಟುವ ಮಾರ್ಗಗಳು ಕೆಲವೇ. ದೊಡ್ಡ ಬ್ಯಾಟರಿ ಬಂದ ಮೇಲೆ ಅದನ್ನು ಉತ್ಪಾದಕ ಎನ್ನಬೇಕೇ, ತಂತಿಯ ಬದಲಿ ಎನ್ನಬೇಕೇ? ಇಕ್ಕಟ್ಟಿನ ಈಚೆ ಇಟ್ಟ ಬ್ಯಾಟರಿ ಎಷ್ಟೋ ಕಡೆ ಹೊಸ ಮಾರ್ಗದ ಅಗತ್ಯವನ್ನೇ ಮುಂದೂಡಬಲ್ಲದು. ಅದರ ಸಂಪಾದನೆಯನ್ನು ಯಾವ ಲೆಕ್ಕಕ್ಕೆ ಹಾಕಬೇಕೆಂದು ನಿಯಮಗಳು ಇನ್ನೂ ಹುಡುಕುತ್ತಿವೆ.

ನನ್ನನ್ನು ಹೆಚ್ಚು ಕಾಡುವುದು ತ್ರಿಕೋನದ ಲೆಕ್ಕದಲ್ಲಿ ಉಳಿದ ಆ ನಾಲ್ಕೂವರೆ ಲಕ್ಷ. ಒಂದು ಪಂಥ ಅದನ್ನು ಹಕ್ಕುಪತ್ರ ಕೊಂಡವನಿಗೆ ಕೊಡುತ್ತದೆ, ನಮ್ಮ ವ್ಯವಸ್ಥೆ ನಿಧಿಗೆ ಹಾಕುತ್ತದೆ, ತಂತಿ ಎಳೆಯುವವರು ಅದು ಸೊನ್ನೆಯಾಗಲಿ ಎನ್ನುತ್ತಾರೆ. ಅಷ್ಟು ಬೆಲೆ ಹುಟ್ಟುವ ತಂತಿಯ ಕೆಳಗಿನ ತೋಟದವನಿಗೆ ಅದರಲ್ಲಿ ವರ್ಷವರ್ಷ ಒಂದು ಪಾಲು ಎಂದು ಯಾವ ಸೂತ್ರವೂ ಬರೆದಿಲ್ಲ. ನಾನು ಕಂಡ ಕಟ್ಟಗಳಲ್ಲಿ ಅಗಳು ಯಾರ ತೋಟವನ್ನು ಸೀಳಿಕೊಂಡು ಹೋಗುತ್ತದೋ ಅವನಿಗೂ ಪಾಳಿಯಲ್ಲಿ ನೀರಿತ್ತು. 400 ಕೆವಿ ತಂತಿಯಿಂದ ವಿಟ್ಲದ ಪಂಪಿಗೆ ಕೊಕ್ಕೆ ಹಾಕಲಾಗದು, ನೀರಿನಂತೆ ಅದನ್ನು ದಾರಿಯಲ್ಲಿ ಹಂಚಲಾಗದು. ಹಾಗಾದರೆ ಅವನ ಪಾಳಿ ಯಾವ ರೂಪದಲ್ಲಿ ಬರಬೇಕು, ಬಾಡಿಗೆಯಾಗಿಯೇ, ಊರಿನ 33 ಕೆವಿ ಲೈನು ಗಟ್ಟಿಮಾಡುವ ಹಣವಾಗಿಯೇ, ಆ ಲೆಕ್ಕವನ್ನು ಇನ್ನೂ ಯಾರೂ ಮಾಡಿ ಮೇಜಿನ ಮೇಲೆ ಇಟ್ಟಿಲ್ಲ.